ಕಲಬುರಗಿಯಿಂದ ಕುಮಟಾ ಸಮುದ್ರಕ್ಕ ಹೋಗೋರಿದ್ರ ಒಂದೀಟು ಓದ್ರಿ

ಸಮುದ್ರ ಅಂದ್ರ ನಮ್ ಕಡಿ ಮಂದಿ ಸೀದಾ ಗೋಕರ್ಣದಾಗ ರೂಮ್ ಬುಕ್ ಮಾಡ್ತಾರ, ಆದ್ರ ವಯಸ್ಸಾದವ್ರು ಸಣ್ಣ ಹುಡುಗ್ರು ಜೋಡಿ ಇದ್ರ ಕುಮಟಾ ಬಾಜೂ ಬಾಡ, ಕಾಗಾಲ ಕಡಿ ಕಾಟೇಜ್ ಹಿಡೀರಿ. ಗದ್ಲಿಲ್ಲ, ಗೋಕರ್ಣ, ಮಿರ್ಜಾನ ಕೋಟಿ, ಯಾಣ, ಹೊನ್ನಾವರ ಎಲ್ಲಾ ಮುಂಜಾನೆ ಹೋಗಿ ಸಂಜಿಗಿ ವಾಪಸ್ ಬರೋವಷ್ಟು ಸಮೀಪ.

ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಹಿಂಗ ಹೋದ್ರ ಸುಮಾರು 500 ಕಿ.ಮೀ. ಆಗ್ತದ. ಹುಬ್ಬಳ್ಳಿಯೊಳಗ ವಸ್ತಿ ಮಾಡಿ ಹೊಂಡೋದು ಛಲೋ, ಯಾಕಂದ್ರ ಯಲ್ಲಾಪುರ ದಾಟಿದ ಮ್ಯಾಲ ಅರಬೈಲ್ ಘಾಟ್ ಬರ್ತದ, ಲಾರಿ ಭಾಳ, ಹಗಲೊತ್ತಿನ್ಯಾಗ ಇಳೀರಿ.

ಬ್ಯಾಸಗಿ ಸೂಟಿಗಿ ಮಾತ್ರ ಹೋಗಬ್ಯಾಡ್ರಿ. ನಾವು 42 ಡಿಗ್ರಿ ಬಿಸಲು ಕಂಡವ್ರು, ಅಲ್ಲಿ 33-34 ಏನ್ ಮಹಾ ಅನಸ್ತದ, ಆದ್ರ ನಮ್ಮದು ಒಣ ಝಳ, ಅಲ್ಲಿ ಬೆವರು ಮೈಮ್ಯಾಲಿಂದ ಆರಂಗೇ ಇಲ್ಲ. ರಾತ್ರಿ ಹೊರಗ ಒಣಗಾಕಿದ ಟಾವೆಲ್ ಮುಂಜಾನೆ ನೋಡಿದ್ರ ಇನ್ನಷ್ಟು ಹಸಿ, ಅಂಟಂಟು. ಅರಿವಿ ಎರಡು ಜೋಡಿ ಹೆಚ್ಚಿಗಿ ಒಯ್ರಿ. ಖಡಕ್ ರೊಟ್ಟಿ ಒಯ್ಯೋರು ಅರಿವ್ಯಾಗ ಕಟ್ಟಬ್ಯಾಡ್ರಿ, ಟೈಟ್ ಡಬ್ಬಿ ಬೇಕು, ಇಲ್ಲಂದ್ರ ಮರುದಿನಕ್ಕ ಮುರದ್ರ ಸಪ್ಪಳಾನೇ ಬರಲ್ಲ, ಬಾಗ್ತದ. ಶೇಂಗಾ ಹಿಂಡಿಗಿ ಏನೂ ಆಗಲ್ಲ ಬಿಡ್ರಿ.

ಕಾಟೇಜ್ ಬುಕ್ ಮಾಡೋಕಿಂತ ಮದ್ಲ ಫೋನ್ ಮಾಡಿ ಕೇಳ್ರಿ: ಬೀಚಿಗಿ ನಡದು ಹೋಗೂದು ಸಪಾಟ ದಾರಿನೋ ಗುಡ್ಡ ಇಳೀಬೇಕೋ, ಸೊಳ್ಳಿ ಪರದಿ ಅದನೋ ಇಲ್ಲೋ, ಕರೆಂಟ್ ಹೋದ್ರ ಏನು ವ್ಯವಸ್ಥಾ, ಅಡಗಿ ಅವ್ರೇ ಮಾಡಿ ಕೊಡ್ತಾರೋ. 'ಸೀ ವ್ಯೂ' ಅಂತ ಬರದಿರ್ತಾರ, ತೆಂಗಿನ ಗಿಡದ ಸಂದ್ಯಾಗ ಒಂದು ಗೇಣು ನೀರು ಕಂಡ್ರೂ ಅದು ಸೀ ವ್ಯೂನೇ!

ಬೈಕ್ ಇದ್ರ ಗೋಕರ್ಣಕ್ಕ ಹೋಗೂಮುಂದ ಅಘನಾಶಿನಿ ಊರಿಂದ ಹೊಳಿ ಆಚಿ ದಂಡಿ ತದಡಿಗಿ ದೋಣಿ ಮ್ಯಾಲ ಬೈಕ್ ಸಮೇತ ದಾಟ್ರಿ, ಹೈವೇ ಸುತ್ತು ತಪ್ತದ, ಕಾರಿನವ್ರಿಗಿ ಅದು ಆಗಲ್ಲ. ಗೋಕರ್ಣದಾಗ ಕುಡ್ಲೆ ಬೀಚಿಂದ ಓಂ ಬೀಚಿಗಿ ಗುಡ್ಡದ ಮ್ಯಾಲ ಕಾಲ್ದಾರಿ ಅದ, ಬಿಸಲೇರೋದ್ರಾಗ ಮುಗಸ್ರಿ. ಮಹಾಬಲೇಶ್ವರ ಗುಡಿಗಿ ಗಂಡಸರು ಧೋತರ ಇಟ್ಕೊಂಡಿರ್ರಿ, ಪ್ಯಾಂಟ್ ಶರ್ಟ್ ಮ್ಯಾಲ ಒಳಗ ಬಿಡಲ್ಲ. ಹೊನ್ನಾವರ ಕಡಿ ಕಾಸರಕೋಡ ಬೀಚ್ ಸ್ವಚ್ಛ ಅದ, ಸ್ವಚ್ಛ ಬೀಚಿಗಿ ಕೊಡೋ ಬ್ಲೂ ಫ್ಲ್ಯಾಗ್ ಮಾನ್ಯತಾ ಸಿಕ್ಕಿದ್ದು. ಮುರ್ಡೇಶ್ವರದಾಗ 123 ಅಡಿ ಶಿವನ ಮೂರ್ತಿ ಎಲ್ರೂ ನೋಡ್ತಾರ, ಆದ್ರ ಲಿಫ್ಟಿನ್ಯಾಗ ಗೋಪುರ ಏರಿ ಮ್ಯಾಲಿಂದ ನೋಡಿದ್ರನೇ ಅಲ್ಲಿನ ಸಮುದ್ರ ಪೂರಾ ಕಾಣ್ತದ.

ಭೀಮಾದಾಗ ಈಜಿ ಬೆಳದೀವಿ ಅನ್ನೋರಿಗಿ ಒಂದು ಮಾತು, ಸಮುದ್ರ ಬ್ಯಾರೆ. ತೆರಿ ವಾಪಸ್ ಹೋಗೂಮುಂದ ಕಾಲ ಕೆಳಗಿನ ಉಸುಕೇ ಜಾರ್ತದ. ಎಳಕೊಂಡು ಹೊಂಟ್ರ ದಂಡಿ ಕಡಿ ಎದುರು ಈಜಬ್ಯಾಡ್ರಿ, ದಂಡಿಗುಂಟ ಅಡ್ಡ ಈಜಿ ಸೆಳವು ದಾಟ್ರಿ. ಕೆಂಪು ಬಾವುಟ ಹಚ್ಚಿದ್ರ ನೀರಿಗಿ ಇಳೀಲೇಬ್ಯಾಡ್ರಿ.

ಊಟಕ್ಕ ಕುಚ್ಚಲಕ್ಕಿ ಅನ್ನ, ತಂಬುಳಿ, ಮೀನ ತಿನ್ನೋರಿಗಿ ಬಂಗಡೆ. ಜೂನ್ ಜುಲೈನ್ಯಾಗ ದೊಡ್ಡ ಬೋಟ್ ಸಮುದ್ರಕ್ಕ ಇಳಿಯಂಗಿಲ್ಲ, ಮಳಿ ಬ್ಯಾರೆ, ತಾಜಾ ಮೀನ ಸಿಗೋದು ಕಷ್ಟ. ನವೆಂಬರ್‌ದಿಂದ ಫೆಬ್ರವರಿ ಒಳಗ ಹೋಗ್ರಿ, ಶನಿವಾರ ಐತವಾರ ಬಿಟ್ಟು ಹೋದ್ರ ರೇಟೂ ಕಮ್ಮಿ ಹೇಳ್ತಾರ.