ಸಿಪ್ಪೆಗೆ ಸಕ್ಕರೆ ಸುರಿದವನ ಮಾರ್ಮಲೇಡ್

ಗುಳಂಬ ತಿಂದು ಬೆಳೆದವನಿಗೆ ಅಂಗಡಿಯ ಕೆಂಪು ಜಾಮ್ ರುಚಿಸುವುದು ಕಷ್ಟ. ಮಾವಿನಕಾಯಿ, ಬೆಲ್ಲ ಎರಡೂ ತಮ್ಮ ತಮ್ಮ ಪಟ್ಟು ಬಿಡದ ಗುಳಂಬವೆಲ್ಲಿ, ಬರೀ ಸಿಹಿಯ ಆ ಜಾಮ್ ಎಲ್ಲಿ! ಕಿತ್ತಳೆ ಜಾತಿಯ ಹಣ್ಣಿನ ರಸ, ಸಿಪ್ಪೆ ಎರಡನ್ನೂ ಸಕ್ಕರೆಯಲ್ಲಿ ಕುದಿಸಿ ಮಾಡುವ ಮಾರ್ಮಲೇಡ್ ಹಾಗಲ್ಲ. ಅದರ ಜೀವವೇ ಕಹಿ. ಬೆಂಗಳೂರಿನ ತಂಗಿಯ ಮನೆಯಲ್ಲಿ ತಿಂದಾಗಿನಿಂದ ನಾಲಿಗೆಗೆ ಅದರ ಹುಚ್ಚು ಹಿಡಿದಿತ್ತು. ಈ ಸಲ ಗವಿಮಠದ ಜಾತ್ರೆಯ ಗದ್ದಲ ಇಳಿದ ಮೇಲೆ ಕೊಪ್ಪಳದ ನಮ್ಮ ಅಡುಗೆಮನೆಯಲ್ಲೇ ಮಾಡಿದೆ.

ಮಾರ್ಮಲೇಡಿಗೆ ಹೆಸರಾದ ಹಣ್ಣು ಸ್ಪೇನಿನ ಸೆವಿಲ್ ಕಿತ್ತಳೆ. ಸುಲಿದು ಹಾಗೆಯೇ ತಿನ್ನಲಾಗದಷ್ಟು ಹುಳಿ, ಕಹಿ. ಸ್ಕಾಟ್ಲೆಂಡಿನ ಡಂಡೀ ಊರಿನ ಕೀಲರ್ ಮನೆತನ 1797ರಲ್ಲೇ ಇದರ ವ್ಯಾಪಾರಕ್ಕೆ ಇಳಿದಿತ್ತು. ನಮ್ಮ ಮಾರುಕಟ್ಟೆಗೆ ಬರುವುದು ನಾಗಪುರದ ಕಿತ್ತಳೆ. ತಿನ್ನಲು ಬಲು ಚೆನ್ನ. ಆದರೆ ಸಿಪ್ಪೆ ತೆಳು, ಕಹಿಯೂ ಸಾಲದು. ಹಾಗಾಗಿ ಮೋಸಂಬಿ ತಂದೆ. ಮೋಸಂಬಿ ರಸ ಹಿಂಡಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಜ್ಯೂಸ್ ಅಂಗಡಿಯವರಿಗೆ ತಲೆನೋವಾದ ಆ ಗುಣವೇ ನನಗೆ ಬೇಕಿತ್ತು. ಜೊತೆಗೆ ಉಪ್ಪಿನಕಾಯಿಗೆಂದು ಮಾರುವ ದಪ್ಪನೆಯ ಹೇರಳೆಕಾಯಿ ಒಂದು, ನಿಂಬೆಹಣ್ಣು ನಾಲ್ಕು. ಎಲ್ಲ ಸೇರಿ ಒಂದು ಕಿಲೋ.

ಬಿಸಿನೀರಿನಲ್ಲಿ ಹಣ್ಣು ಉಜ್ಜಿ ತೊಳೆದು, ರಸ ಹಿಂಡಿ, ಸಿಪ್ಪೆಯನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಬೇಕು. ಬೇಸರದ ಕೆಲಸ, ರೇಡಿಯೋ ಹಾಕಿಕೊಳ್ಳಿ. ಬೀಜ ಮತ್ತು ಒಳಗಿನ ನಾರನ್ನು ಮಾತ್ರ ಎಸೆಯಬಾರದು. ಮಾರ್ಮಲೇಡನ್ನು ಗಟ್ಟಿಗೊಳಿಸುವ ಪೆಕ್ಟಿನ್ ಹೆಚ್ಚಾಗಿ ಇರುವುದು ಅವುಗಳಲ್ಲಿ ಮತ್ತು ಸಿಪ್ಪೆಯ ಬಿಳಿ ಭಾಗದಲ್ಲಿ. ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಸಿಪ್ಪೆ, ರಸ, ಎರಡು ಲೀಟರ್ ನೀರಿನೊಂದಿಗೆ ರಾತ್ರಿಯಿಡೀ ನೆನೆಯಲು ಬಿಟ್ಟೆ. ಬೆಳಿಗ್ಗೆ ಗಂಟು ಎತ್ತಿ ಹಿಂಡಿದರೆ ಬೆರಳ ಸಂದಿಯಿಂದ ಗಂಜಿಯಂತಹ ಲೋಳೆ ಎಳೆಯಾಗಿ ಜಾರಿತು. ನೋಡಲು ಅಸಹ್ಯ, ಆದರೆ ಪೇಟೆಯ ಪೆಕ್ಟಿನ್ ಪುಡಿಯ ಹಂಗು ತಪ್ಪಿಸುವುದು ಅದೇ.

ಸಕ್ಕರೆ ಹಾಕುವ ಮೊದಲೇ ಸಿಪ್ಪೆ ಪೂರ್ತಿ ಬೇಯಬೇಕು, ಬೆರಳಲ್ಲಿ ಒತ್ತಿದರೆ ನುಣ್ಣಗೆ ನುರಿಯುವಷ್ಟು. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮೆತ್ತಗಾಗುವುದಿಲ್ಲ, ಬಿಗಿಯುತ್ತದೆ. ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಗಂಟನ್ನು ಹಿಂಡಿ ತೆಗೆದು, ಒಂದೂಕಾಲು ಕಿಲೋ ಸಕ್ಕರೆ ಸುರಿಯುವಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು.

“ತಮ್ಮಾ, ಸಿಪ್ಪೆಗೇ ಇಷ್ಟು ಸಕ್ಕರೆಯಾದರೆ ಹಾಗಲಕಾಯಿ ಏನು ಪಾಪ ಮಾಡಿತ್ತು?”

ಸಕ್ಕರೆ ಕರಗಿದ ಮೇಲೆ ಉರಿ ಜೋರು ಮಾಡಿದೆ. 104ರಿಂದ 105 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಹದ. ನಮ್ಮಲ್ಲಿ ಅದನ್ನಳೆಯುವ ಸಾಧನವಿಲ್ಲ. ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ತಣಿದ ಮೇಲೆ ಬೆರಳಿಂದ ತಳ್ಳಿ ನೋಡುವುದು. ಮೇಲೆ ಸುಕ್ಕು ಕಟ್ಟಿದರೆ ಇಳಿಸಬಹುದು. ನಮ್ಮ ಊರಿನ ಸೆಕೆಗೆ ಕಪಾಟಿನ ತಟ್ಟೆ ಸಾಲದು, ಫ್ರಿಜ್ಜಿನದೇ ಆಗಬೇಕು. ನಾನು ತಟ್ಟೆಗೆ ಹೋಗುವಷ್ಟರಲ್ಲಿ ಅವ್ವ ಸೌಟಿನಿಂದ ಒಂದು ಹನಿ ತೆಗೆದು, ಊದಿ ಆರಿಸಿ, ಎರಡು ಬೆರಳ ನಡುವೆ ಎಳೆದಳು. “ಎಳೆ ಬಂತು, ಇಳಿಸು.” ತಟ್ಟೆಯೂ ಅದನ್ನೇ ಹೇಳಿತು. ಉಂಡೆ, ಗುಳಂಬಗಳಿಗೆ ಪಾಕ ನೋಡಿದ ಕೈಗೆ ತಟ್ಟೆ ಯಾತಕ್ಕೆ?

ಇಳಿಸಿದ ಕೂಡಲೇ ಬಾಟಲಿಗೆ ತುಂಬಿದರೆ ಸಿಪ್ಪೆಯೆಲ್ಲ ಮೇಲಕ್ಕೆ ತೇಲುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು, ಒಮ್ಮೆ ಕಲಕಿ, ಕುದಿಸಿ ಒಣಗಿಸಿದ ಗಾಜಿನ ಬಾಟಲಿಗಳಿಗೆ ಬಿಸಿ ಇರುವಾಗಲೇ ತುಂಬಿದೆ.

ಬ್ರೆಡ್ಡಿಗೆ ಸರಿ, ಚಪಾತಿಗೆ ಇನ್ನೂ ಸರಿ. ನನ್ನ ಮೆಚ್ಚಿನದು ಮಾತ್ರ ಕಟಕ ರೊಟ್ಟಿ, ಬೆಣ್ಣೆ, ಅದರ ಮೇಲೆ ಇದು. ಮೊದಲು ಸಿಹಿ, ಆಮೇಲೆ ಹುಳಿ, ನುಂಗಿದ ಮೇಲೆ ಹೇರಳೆಯ ಕಹಿ. ಅವ್ವನಿಗೂ ಹಿಡಿಸಿದೆ, ಆದರೆ ಒಪ್ಪಿಕೊಳ್ಳಲು ಮನಸ್ಸಿಲ್ಲ. ಮುಂದಿನ ಸಲ ಬೆಲ್ಲ ಹಾಕಿ ಮಾಡೋಣ ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಬೆಲ್ಲದ ಪರಿಮಳದ ಮುಂದೆ ಸಿಪ್ಪೆಯ ಘಮ ಸೋಲುತ್ತದೆ. ಬೆಲ್ಲವೇ ಬೇಕೆಂದರೆ ಮಾವಿನಕಾಯಿ ಬರಲಿ, ಗುಳಂಬ ಮಾಡಲಿ.