ಸ್ಕ್ವಿಡ್ ಹುಡುಕಿಕೊಂಡು ವುಡ್ಸ್ ಹೋಲ್‌ಗೆ

ಬಾಸ್ಟನ್ನಿನ ಸೌತ್ ಸ್ಟೇಷನ್‌ನಲ್ಲಿ ಬಸ್ ಹತ್ತುವಾಗ ಮಗಳು ಕೇಳಿದಳು, "ಅಪ್ಪ, ಎಲ್ಲರೂ ದ್ವೀಪ ನೋಡೋಕೆ ಹೋಗ್ತಾರೆ. ನೀವು ಫೆರಿ ಹತ್ತೋ ಊರಲ್ಲೇ ಉಳಿದುಬಿಡ್ತೀರಾ?"

ಹೌದು. ವುಡ್ಸ್ ಹೋಲ್‌ಗೆ ಬಂದವರು ಮಾರ್ಥಾಸ್ ವೈನ್‌ಯಾರ್ಡ್ ದ್ವೀಪದ ಕಡೆ ಹೊರಡುತ್ತಾರೆ. ನನಗೆ ಬೇಕಿದ್ದದ್ದು ಸ್ಕ್ವಿಡ್. ನಮ್ಮ ಕರಾವಳಿಯ ಬೊಂಡಾಸ್.

ವಾಟರ್ ಸ್ಟ್ರೀಟ್ ನಡುವೆ ಎತ್ತುವ ಸೇತುವೆಯೊಂದಿದೆ. ದೋಣಿಗಾಗಿ ಅದು ಮೇಲೆದ್ದಿತ್ತು, ಕಾರುಗಳ ಜೊತೆ ನಾವೂ ಕಾದೆವು. ಅದರಾಚೆ 1888ರಲ್ಲಿ ಶುರುವಾದ ಮರೀನ್ ಬಯಲಾಜಿಕಲ್ ಲ್ಯಾಬೊರೇಟರಿ.

1983ರಲ್ಲಿ ಕ್ಯಾಲಿಫೋರ್ನಿಯಾದ ರಾನ್ ವೇಲ್ ಎಂಬ ವಿದ್ಯಾರ್ಥಿ ಸ್ಕ್ವಿಡ್ ನರದ ಅಧ್ಯಯನಕ್ಕೆ ಇಲ್ಲಿಗೆ ಬಂದದ್ದಕ್ಕೆ ಎಲ್ ನಿನೊ, ಅಂದರೆ ಪೆಸಿಫಿಕ್ ಕಡಲು ಬಿಸಿಯಾಗುವ ವಿದ್ಯಮಾನ, ಕಾರಣ. ಆ ವರ್ಷ ಕ್ಯಾಲಿಫೋರ್ನಿಯಾ ಕಡಲಲ್ಲಿ ಸ್ಕ್ವಿಡ್ಡೇ ಸಿಗಲಿಲ್ಲ! ಸ್ಕ್ವಿಡ್ಡಿನ ದೊಡ್ಡ ನರತಂತು ಬರಿಗಣ್ಣಿಗೇ ಕಾಣುತ್ತದೆ. ಒಳಗಿನದನ್ನು ಟೂತ್‌ಪೇಸ್ಟ್ ಥರ ಹಿಂಡಿ ತೆಗೆದರೂ ಅದರಲ್ಲಿ ಜೀವಕೋಶದ ಸರಕು ಸಾಗಾಟ ನಡೆದೇ ಇರುತ್ತದೆ. ಹೊರುವವರು ಯಾರು? ವೇಲ್, ಮೈಕೆಲ್ ಶೀಟ್ಜ್, ಥಾಮಸ್ ರೀಸ್ 1985ರಲ್ಲಿ ಉತ್ತರ ಕೊಟ್ಟರು: ಕೈನೆಸಿನ್ ಎಂಬ ಪ್ರೋಟೀನ್.

ದಂಡೆಯ ಪಾರ್ಕಿನಲ್ಲಿ ಕೂತು ಮಗಳಿಗೆ ಅದರ ಚಿತ್ರ ಬರೆದು ತೋರಿಸಿದೆ. ಒಂದು ತುದಿಯಲ್ಲಿ ಮೂಟೆ, ನಡುವೆ ಜಡೆಯಂತೆ ಹೆಣೆದ ದಂಟು, ಇನ್ನೊಂದು ತುದಿಯಲ್ಲಿ ಎರಡು 'ತಲೆ'. ಹೆಸರಿಟ್ಟವರ ಮೇಲೆ ನನ್ನದೊಂದು ತಕರಾರಿದೆ. ಅವು ತಲೆಯಲ್ಲ, ಪಾದ! ಮೈಕ್ರೋಟ್ಯೂಬ್ಯೂಲ್ ಎಂಬ ಹಳಿಯ ಮೇಲೆ ನಮ್ಮ ಕಾಲಿನ ಹಾಗೇ ಒಂದಾದ ಮೇಲೊಂದು ಬೀಳುತ್ತವೆ. ಪಾದದ ಮೇಲೊಂದು ಪುಟ್ಟ ಪಟ್ಟಿ ಇದೆ. ಕಣಕಾಲು ಅನ್ನೋಣ. ಮುಂದಿನ ಪಾದಕ್ಕೆ ಜೀವಕೋಶದ ಇಂಧನವಾದ ಎಟಿಪಿ ಅಂಟಿದೊಡನೆ ಆ ಪಟ್ಟಿ ಮುಂದಕ್ಕೆ ವಾಲಿ ಕೂರುತ್ತದೆ, ಹಿಂದಿನ ಪಾದ ಮುಂದಕ್ಕೆ ಬರುತ್ತದೆ. ಪ್ರತಿ ಹೆಜ್ಜೆಗೆ ಮೂಟೆ 8 ನ್ಯಾನೋಮೀಟರ್ ಸಾಗುತ್ತದೆ. ಹಳಿಯ ಒಂದೊಂದು ಇಟ್ಟಿಗೆಯ ಅಳತೆಯೂ ಅಷ್ಟೇ. ಸೆಕೆಂಡಿಗೆ ಸುಮಾರು 100 ಹೆಜ್ಜೆ.

ಹಣ್ಣಿನ ನೊಣದಲ್ಲಿ ಎನ್‌ಸಿಡಿ ಎಂಬ ದಾಯಾದಿ ಇದೆ. ಪಾದ ಹೆಚ್ಚುಕಡಿಮೆ ಇದೇ ಥರ, ನಡಿಗೆ ಮಾತ್ರ ಉಲ್ಟಾ ದಿಕ್ಕಿಗೆ. ಗುಟ್ಟು ಅದರ ಪಾದ ದಂಟಿಗೆ ಸೇರುವ ಜಾಗದಲ್ಲೇ ಇದೆ. ಅಲ್ಲಿ ಒಂದೇ ಒಂದು ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯ ಒಂದು ಕೊಂಡಿ) ಬದಲಿಸಿದರೆ ಅದು ಎರಡೂ ದಿಕ್ಕಿಗೆ ಓಡಾಡತೊಡಗುತ್ತದೆ! ನನಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದು.

"ಹಾಗಾದ್ರೆ ಕಾಲು ಉದ್ದ ಇದ್ರೆ?"

ಅದೂ ಉಂಟು. ಬೇರೆ ಹಳಿಯ ಮೇಲೆ ನಡೆಯುವ ಮಯೋಸಿನ್-5 ಎಂಬ ಇನ್ನೊಂದು ಪ್ರೋಟೀನಿಗೆ ಉದ್ದ ಕಾಲು, ಹೆಜ್ಜೆ 36 ನ್ಯಾನೋಮೀಟರ್. ನನಗಿಂತ ಎತ್ತರದ ಮಗಳು ಎದ್ದು ಬೇಕಂತಲೇ ದೊಡ್ಡ ಹೆಜ್ಜೆ ಹಾಕಿ ಹೋಟೆಲಿನತ್ತ ನಡೆದಳು. ನಾನು ಹಿಂದೆ ಬಿದ್ದೆ.

ಅಲ್ಲಿ ಅವಳು ಹುರಿದ ಸ್ಕ್ವಿಡ್ ತರಿಸಿದಳು. ಬೊಂಡಾಸ್ ಅಂದರೆ ಪ್ರಾಣ ಬಿಡುವವನು ನಾನು. ಅವತ್ತು ಯಾಕೋ ಫ್ರೈಸ್‌ನಲ್ಲೇ ಮುಗಿಸಿದೆ.