ರಿಪೋರ್ಟಿನ ಕೊನೆಯ ಸಾಲು

ಅತ್ತೆ ಇವತ್ತು ಬೆನ್ನಿನ ಎಂಆರ್‌ಐ ರಿಪೋರ್ಟಿನ ಫೋಟೋ ಕಳಿಸಿದರು. ಕೊನೆಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ, ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. ಎಲ್1 ಅಂದರೆ ಸೊಂಟದ ಭಾಗದ ಮೊದಲ ಬೆನ್ನುಮೂಳೆಯಲ್ಲಿ ಹೆಮಾಂಜಿಯೋಮಾ.

"ಗಡ್ಡೆ ಅಂತೆ ಕಣೋ. ಕ್ಯಾನ್ಸರಾ?"

ಅಲ್ಲ ಅತ್ತೆ. ಮೂಳೆಯೊಳಗೆ ರಕ್ತನಾಳಗಳು ಗುಂಪುಕಟ್ಟಿಕೊಂಡಿರುತ್ತವೆ, ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುತ್ತೆ, ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ, ಸ್ಕ್ಯಾನ್ ಮಾಡಿಸದಿದ್ದರೆ ಇರುವುದೇ ಗೊತ್ತಾಗುವುದಿಲ್ಲ. ಡಾಕ್ಟರೂ ಇದನ್ನೇ ಹೇಳಿದ್ದಾರೆ. ಆದರೆ ರಾತ್ರಿಯೆಲ್ಲ ಅತ್ತೆ ನಿದ್ದೆ ಮಾಡಿಲ್ಲ.

ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ಕಥೆಯೂ ಹೀಗೇ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಡಿಸ್ಕ್ ಉಬ್ಬಿತ್ತು! 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ನೋವಿಲ್ಲದ 20ರ ವಯಸ್ಸಿನವರಲ್ಲೇ 37% ಜನರಿಗೆ ಡಿಸ್ಕ್ ಸವೆದಿತ್ತು, 80ರವರಲ್ಲಿ 96%. ತಲೆ ನರೆತ ಹಾಗೆ, ಅಲ್ವಾ?

ಹಾಗಂತ ಸ್ಕ್ಯಾನ್ ಸುಮ್ನೆ ಅಂತಲ್ಲ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡಬಾರದು. ಆದರೆ ರಿಪೋರ್ಟಿನಲ್ಲೇ "ಇದು ಸಾಮಾನ್ಯ, ಹೆದರಬೇಡಿ" ಅಂತ ಒಂದು ಸಾಲು, ಅದೂ ಕನ್ನಡದಲ್ಲಿ, ಯಾಕೆ ಇರಬಾರದು? ಕಂಡದ್ದನ್ನೆಲ್ಲ ಬರೆಯುವುದು ರೇಡಿಯಾಲಜಿಸ್ಟ್ ಕೆಲಸ, ಒಪ್ಪುತ್ತೇನೆ. ಆದರೆ ಆ ಕಾಗದ ಮೊದಲು ಸೇರುವುದು ರೋಗಿಯ ಕೈ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ರಿಪೋರ್ಟ್ ಹಿಡಿದು ಕೂತಿದ್ದರೆ, ಗೂಗಲ್ ಮಾಡುವ ಮೊದಲು ಅವರ ಡಾಕ್ಟರಿಗೆ ಒಂದು ಫೋನ್ ಮಾಡಿಸಿ.